ಗೊಣಗಿ ಎಂಬ ನೆಪ

ಹಿಂದಿನ ಎರಡು ಮೊಲೆತೊಟ್ಟು ಇನ್ನೂ ಬಾಕಿ ಇದ್ದವು. ಹಣೆಯನ್ನು ಹಸುವಿನ ಪಕ್ಕೆಗೆ ಒತ್ತಿ, ಮೊಣಕಾಲುಗಳ ನಡುವೆ ಬಕೆಟ್ಟು ಸಿಕ್ಕಿಸಿಕೊಂಡು ಅವಳು ಹಾಲು ಕರೆಯುತ್ತಿದ್ದಾಗ ಗೋದಲಿಯ ಅಂಚಿನಲ್ಲಿಟ್ಟಿದ್ದ ಫೋನು ಗುಂಯ್ಗುಟ್ಟಿತು. ಇಷ್ಟು ಬೆಳಿಗ್ಗೆ ಕೊಟ್ಟಿಗೆಗೆ ಫೋನು ಮಾಡುವವರು ಒಬ್ಬರೇ, ಬೆಟ್ಟದ ಮೇಲಿನ ತವರೂರಿನ ಅತ್ತಿಗೆ. ಅವರಿಗೂ ಅದು ಹಾಲು ಕರೆಯುವ ಹೊತ್ತು. ಇಬ್ಬರೂ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿಕೊಂಡು ಮಾತಾಡುವಾಗ ಅವರ ಬಕೆಟ್ಟಿಗೆ ಹಾಲು ಬೀಳುವ ಸದ್ದು ಇವಳಿಗೆ, ಇವಳದ್ದು ಅವರಿಗೆ ಕೇಳುತ್ತಿತ್ತು.

ಇವತ್ತು ಆ ಕಡೆಯಿಂದ ಹಾಲಿನ ಸದ್ದಿರಲಿಲ್ಲ.

"ಗಬ್ಬದ ಪಡ್ಡೆ ಅಲ್ವಾ ನಮ್ಮ ಚುಕ್ಕಿ, ಅದರ ಗದ್ದದ ಕೆಳಗೆ ಏನೋ ಚೀಲ ಬಂದಿದೆ ಕಣೇ," ಎಂದರು ಅತ್ತಿಗೆ. "ಮುಟ್ಟಿದ್ರೆ ಒಳಗೆ ನೀರು ತುಂಬಿದ ಹಾಗಿದೆ. ನೋವಿದ್ದ ಹಾಗೆ ಕಾಣಲ್ಲ, ಮುಖ ತಿರುಗಿಸಲಿಲ್ಲ."

ಅವಳ ಕೈ ನಿಂತಿತು. ಹಸು ಬಾಲ ಬೀಸಿ ನೆನಪಿಸಿತು.

"ಸಂಜೆ ಮೇದು ಬಂದಾಗ ಜಾಸ್ತಿ ಇರುತ್ತಾ ಅತ್ತಿಗೆ?"

"ಹೂಂ, ಇಷ್ಟು ದಪ್ಪ. ಬೆಳಗಾಗೋ ಹೊತ್ತಿಗೆ ಇಳಿದಿರುತ್ತೆ. ನಿಂಗೆ ಹೇಗೆ ಗೊತ್ತಾಯ್ತು?"

"ಸುಮ್ನೆ ಕೇಳ್ದೆ. ಏನೋ ಮುಳ್ಳು ಚುಚ್ಚಿರುತ್ತೆ. ಬಿಸಿನೀರಿನ ಶಾಖ ಕೊಡಿ."

"ನಿಮ್ಮಣ್ಣನೂ ಮುಳ್ಳೇ ಅಂದ್ರು. ಅಣ್ಣತಂಗಿ ಇಬ್ಬರೂ ಒಂದೇ ಆಸ್ಪತ್ರೇಲಿ ಕಲಿತ ಹಾಗಿದೆ." ಅತ್ತಿಗೆ ನಕ್ಕರು. "ಅದಿರಲಿ, ಹೊರಡೋದು ಯಾವಾಗ? ಇಲ್ಲಿ ಹುಲ್ಲು ಚಿಗುರಿ ನಿನ್ನ ದಾರಿ ಕಾಯ್ತಿದೆ."

ಫೋನು ಇಟ್ಟ ಮೇಲೆ ಉಳಿದ ಹಾಲನ್ನು ಅವಳು ಎಷ್ಟು ಬಿರುಸಾಗಿ ಹಿಂಡಿದಳೆಂದರೆ ಹಸು ಹಿಂಗಾಲು ಎತ್ತಿತು. ಮುಳ್ಳಲ್ಲವೆಂದು ಅವಳಿಗೆ ಗೊತ್ತಿತ್ತು. ಅವಳು ಈಗಿರುವ ಈ ಕೆಳಗಿನ ಊರಿನಲ್ಲಿ ಅದು ಚಿಕ್ಕ ಮಕ್ಕಳಿಗೂ ಗೊತ್ತು. ತಲೆ ಬಗ್ಗಿಸಿ ಮೇಯುವ ದನದ ಗದ್ದಕ್ಕೆ ಇಳಿದು, ಮಲಗಿ ಏಳುವಷ್ಟರಲ್ಲಿ ಕರಗುವ ನೀರಿನ ಚೀಲ ಎಂದರೆ ಲಿವರ್ ಹುಳ.

ಕೆಳಗಿನ ಊರು ಎಂದರೆ ಹೊಳೆ ಹರಡಿಕೊಂಡು ಮಲಗಿದ ಜಾಗ. ಎಲ್ಲಿ ನೋಡಿದರೂ ಕಾಲುವೆ, ಜೌಗು, ವರ್ಷವಿಡೀ ಒಣಗದ ಹಸಿರು ಅಂಚು. ಹೊರಗಿನವರು ಬಂದು ನಿಂತರೆ ಎಂಥಾ ಭಾಗ್ಯದ ಹುಲ್ಲು ಎನ್ನಬೇಕು. ಮದುವೆಯಾಗಿ ಬಂದ ಹೊಸತರಲ್ಲಿ ಅವಳೂ ಹಾಗೇ ಅಂದುಕೊಂಡಿದ್ದಳು. ಆಮೇಲೆ ಒಂದು ಹಸು ಮೈ ಇಳಿಯುತ್ತಾ ಇಳಿಯುತ್ತಾ ಸತ್ತಾಗ ಅದರ ಹೊಟ್ಟೆ ಬಗೆದವನು ಲಿವರನ್ನು ಹೊರಗಿಟ್ಟು ತೋರಿಸಿದ. ಮೆತ್ತಗಿರಬೇಕಾದದ್ದು ಮರದ ತೊಗಟೆಯಂತೆ ಗಟ್ಟಿಯಾಗಿತ್ತು. ಕೊಯ್ದಾಗ ಒಳಗಿನ ಕೊಳವೆಗಳಿಂದ ಚಪ್ಪಟೆ ಹುಳುಗಳು, ಸಣ್ಣ ಗಿಡದ ಎಲೆ ಉದುರಿದ ಹಾಗೆ, ಒಂದೊಂದಾಗಿ ಜಾರಿ ಬಿದ್ದವು. ಅಂದಿನಿಂದ ಇಲ್ಲಿಯ ಹಸಿರನ್ನು ಅವಳು ಪೂರ್ತಿ ನಂಬಿದ್ದಿಲ್ಲ.

ತವರಿನಲ್ಲಿ ಇದು ಯಾವುದೂ ಇರಲಿಲ್ಲ. ಅಲ್ಲಿ ಗಾಳಿ, ಬಂಡೆ, ಗಿಡ್ಡ ಹುಲ್ಲು. ನೀರು ಎಲ್ಲೂ ನಿಲ್ಲದೆ ಇಳಿದುಹೋಗುವ ಜಾಗ. ಅಣ್ಣನಿಗೆ ಅದರದ್ದೇ ಜಂಬ. "ನಮ್ಮ ಎತ್ತರಕ್ಕೆ ಆ ಹುಳ ಹತ್ತಲ್ಲ ಭಾವ, ಅರ್ಧ ದಾರೀಲೇ ಅದಕ್ಕೆ ಏದುಸಿರು ಬರುತ್ತೆ," ಎಂದು ಅವಳ ಗಂಡನನ್ನು ಸಿಕ್ಕಾಗಲೆಲ್ಲ ಛೇಡಿಸುತ್ತಿದ್ದ. ಗಂಡನೂ ನಗುತ್ತಿದ್ದ. ಅದಕ್ಕೇ ಇರಬೇಕು, ಎರಡು ಮನೆಯ ನಡುವೆ ಆ ಏರ್ಪಾಡು ಬೆಳೆದದ್ದು. ಬಿಸಿಲು ಏರುವ ತಿಂಗಳುಗಳಲ್ಲಿ ಕೆಳಗಿನ ಮನೆಯ ಹಾಲು ಬತ್ತಿದ ಹಸುಗಳು ಮತ್ತು ಪಡ್ಡೆಗಳು ಮೇಲಕ್ಕೆ ಹೋಗಬೇಕು. ಅಲ್ಲಿ ಮೇದು, ಅಣ್ಣನ ಹೊಲಕ್ಕೆ ಗೊಬ್ಬರ ಕೊಟ್ಟು, ತಂಪಿನ ಕಾಲಕ್ಕೆ ಇಳಿದು ಬರಬೇಕು. ದನಗಳ ಜೊತೆಗೆ ಅವಳು.

ಅವಳೇ ಯಾಕೆ ಎಂದರೆ, ಗೊಣಗಿ ಬೇರೆಯವರ ಹಿಂದೆ ನಡೆಯುವುದಿಲ್ಲ.

ಗೊಣಗಿ ಹಿಂಡಿನ ಮುಂದಾಳು. ಏನು ತಿಂದರೂ, ಎಲ್ಲಿ ನಿಂತರೂ ಮೂಗಿನಲ್ಲೇ ಗುರುಗುಟ್ಟುವ ಹಸು. ಅದು ನಡೆದರೆ ಉಳಿದವು ನಡೆಯುತ್ತವೆ. ಒಂದು ವರ್ಷ ಗಂಡನೇ ಹೊಡೆದುಕೊಂಡು ಹೊರಟಿದ್ದ. ಮೊದಲ ತಿರುವಿನಲ್ಲಿ ಗೊಣಗಿ ದಾರಿಗೆ ಅಡ್ಡಲಾಗಿ ಮಲಗಿಬಿಟ್ಟಿತು. ಹಾಲಿನ ಗಾಡಿಯವನು ಹಾರ್ನ್ ಒತ್ತಿ ಒತ್ತಿ ಸುಸ್ತಾಗಿ, "ಅಣ್ಣ, ನಿಮ್ಮ ಯಜಮಾನಿಯನ್ನೇ ಕರೆಸಿ, ಇದು ನಿಮ್ಮ ಮಾತು ಕೇಳೋ ಪೈಕಿ ಅಲ್ಲ," ಎಂದನಂತೆ. ಆ ಮಾತು ಇನ್ನೂ ಊರಿನಲ್ಲಿ ಓಡಾಡುತ್ತಿದೆ.

ಗೊಣಗಿಯ ಹಟದ ಗುಟ್ಟು ಅವಳೊಬ್ಬಳಿಗೆ ಗೊತ್ತು. ಕರುವಾಗಿದ್ದಾಗಿನಿಂದ ಅದಕ್ಕೆ ಕಲ್ಲುಪ್ಪು ಸಿಕ್ಕಿದ್ದು ಅವಳ ಅಂಗೈಯಿಂದ ಮಾತ್ರ. ಬೇರೆ ಯಾರಾದರೂ ಉಪ್ಪು ಕೊಡಲು ಹೋದರೆ, "ಬೇಡ, ಅದಕ್ಕೆ ಭೇದಿಯಾಗುತ್ತೆ," ಎಂದು ತಡೆಯುತ್ತಿದ್ದಳು. ಗೊಣಗಿಯ ತಾಯಿಗೂ ಹಾಗೇ ಮಾಡಿದ್ದಳು. ಮೊದಲು ಅದು ಬೇಕೆಂದೇ ಮಾಡಿದ್ದಲ್ಲ. ಆಮೇಲೆ ಬೇಕೆಂದೇ ಮಾಡಿದ್ದು.

ಮದುವೆಯಾದ ಮೊದಲ ವರ್ಷ ಒಮ್ಮೆ, ಸುಮ್ಮನೆ, ಮೇಲೆ ಹೋಗಿ ಬರಲಾ ಎಂದು ಕೇಳಿದ್ದಳು. ಅತ್ತೆ ಆಶ್ಚರ್ಯದಿಂದ, "ಯಾಕಮ್ಮ, ಯಾರಿಗೆ ಹುಷಾರಿಲ್ಲ?" ಎಂದಿದ್ದರು. ಆ ಮಾತಿನಲ್ಲಿ ಕೊಂಕಿರಲಿಲ್ಲ, ನಿಜವಾಗಿಯೂ ಕೇಳಿದ್ದರು. ಯಾರಿಗೂ ಹುಷಾರು ತಪ್ಪಿರಲಿಲ್ಲ. ಮತ್ತೆಂದೂ ಕೇಳಲಿಲ್ಲ. ಕೇಳಬೇಕಾಗಿಯೂ ಬರಲಿಲ್ಲ, ದನಗಳೇ ಅವಳನ್ನು ಕರೆದೊಯ್ದವು.

ಆ ದಿನವೆಲ್ಲ ಅವಳ ಕೈ ಒಂದು ಕಡೆ ನಿಲ್ಲಲಿಲ್ಲ. ತೊಳೆದ ಹಗ್ಗವನ್ನೇ ಮತ್ತೆ ತೊಳೆದಳು. ಅಟ್ಟದಿಂದ ದನಗಳ ಕೊರಳಗಂಟೆಗಳನ್ನು ಇಳಿಸಿ ಒರೆಸಿ, ಮತ್ತೆ ಅಟ್ಟಕ್ಕೇರಿಸಿ, ಸಂಜೆ ಮತ್ತೆ ಇಳಿಸಿದಳು. ಅಂಗಳದಲ್ಲಿ ಕಾಲು ಚಾಚಿ ಕುಳಿತಿದ್ದ ಅತ್ತೆ ನೋಡಿ ನೋಡಿ, "ಚಕ್ರ ತಿರುಗೋಕೆ ಶುರುವಾಯ್ತು," ಎಂದರು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಅವರು ಸೊಸೆಗಿಟ್ಟ ಅಡ್ಡಹೆಸರು ಅದು. "ಬಿಸಿಲಿನ್ನೂ ಬಂದೇ ಇಲ್ಲ, ಇವಳು ಆಗಲೇ ಅರ್ಧ ಬೆಟ್ಟ ಹತ್ತಿದಾಳೆ."

ಆ ವಾರ ಡಾಕ್ಟರಮ್ಮ ಹೇಳಿಕಳಿಸಿದರು. ಬೆಟ್ಟದ ನಡುವಿನ ಪೇಟೆಯಲ್ಲಿ ಹಾಲಿನ ಡೈರಿಯ ಪಕ್ಕದ ಪಶು ಆಸ್ಪತ್ರೆಗೆ ಬಂದು ಎರಡು ವರ್ಷವಾಗಿರಬಹುದು ಆಕೆಗೆ. ಕೆಳಗಿನ ಊರು, ಪೇಟೆ, ಮೇಲಿನ ಊರು ಮೂರೂ ಎತ್ತರದಲ್ಲಿ ದನಗಳ ಸಗಣಿ ಡಬ್ಬಿಗಳಲ್ಲಿ ತುಂಬಿಕೊಂಡು, ಯಾವ ಎತ್ತರದಲ್ಲಿ ಲಿವರ್ ಹುಳ ಎಷ್ಟಿದೆ ಎಂದು ನೋಡುತ್ತಿದ್ದರು. ಕೈಗೆ ಉದ್ದ ಗವಸು ಹಾಕಿ ಗೊಣಗಿಯ ಹಿಂದೆ ನಿಂತ ಡಾಕ್ಟರಮ್ಮನನ್ನು ಮೊದಲ ಸಲ ಕಂಡಾಗ ಅತ್ತೆ, "ಸಗಣಿ ಓದೋಕೆ ಇಷ್ಟು ವರ್ಷ ಓದ್ಬೇಕೇನಮ್ಮ?" ಎಂದು ಕೇಳಿದ್ದರು. "ಸಗಣಿ ಸುಳ್ಳು ಹೇಳಲ್ಲ ಅಜ್ಜಿ, ಅದಕ್ಕೆ ಅದನ್ನೇ ಆರಿಸ್ಕೊಂಡೆ," ಎಂದು ಡಾಕ್ಟರಮ್ಮ ಹೇಳಿ ಅತ್ತೆಯನ್ನು ಗೆದ್ದುಬಿಟ್ಟಿದ್ದರು.

ಹಾಲಿನ ಗಾಡಿಯಲ್ಲಿ ಅವಳು ಪೇಟೆಗೆ ಹೋದಳು. ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ನೀರು ತುಂಬಿದ ಉದ್ದ ಗಾಜಿನ ಲೋಟಗಳು ಸಾಲಾಗಿ ನಿಂತಿದ್ದವು. ಪ್ರತಿಯೊಂದರ ತಳದಲ್ಲೂ ಕದಡಿದ ಸಗಣಿ ಮೆಲ್ಲಗೆ ಕೂರುತ್ತಿತ್ತು. ಭಾರವಾದದ್ದು ಕೆಳಗಿಳಿಯಬೇಕು, ಮೇಲಿನ ನೀರು ಚೆಲ್ಲಬೇಕು, ಮತ್ತೆ ನೀರು ಹೊಯ್ಯಬೇಕು, ಮತ್ತೆ ಕಾಯಬೇಕು. ಕಾಯುವುದೇ ಇಲ್ಲಿನ ಕೆಲಸದ ಮುಕ್ಕಾಲು ಪಾಲು ಎಂದು ಡಾಕ್ಟರಮ್ಮ ಹೇಳಿದಾಗ ಅವಳಿಗೆ ಕುರ್ಚಿಯ ಅಂಚಿನಲ್ಲೇ ಚಡಪಡಿಕೆಯಾಯಿತು.

"ಬನ್ನಿ, ಇದರಲ್ಲಿ ನೋಡಿ. ಒಂದು ಕಣ್ಣು ಮುಚ್ಕೊಳ್ಳಿ."

ಸೂಕ್ಷ್ಮದರ್ಶಕದೊಳಗೆ ಮೊದಲು ಅವಳ ರೆಪ್ಪೆಯೇ ಕಂಡಿತು. ಆಮೇಲೆ ನೀಲಿ. ಬಣ್ಣ ಹಾಕಿದ್ದರಿಂದ ಹುಲ್ಲಿನ ಚೂರುಗಳೆಲ್ಲ ನೀಲಿಯಾಗಿದ್ದವು. ಅವುಗಳ ನಡುವೆ ಬಣ್ಣ ಹಿಡಿಯದೆ ಒಂದು ಮೊಟ್ಟೆ, ಜೇನಿನ ಹೊಂಬಣ್ಣದ್ದು, ಒಂದು ತುದಿಯಲ್ಲಿ ಪುಟ್ಟ ಮುಚ್ಚಳ. ಇಷ್ಟು ಚೆಂದವಿರುತ್ತದೆಂದು ಅವಳು ಎಣಿಸಿರಲಿಲ್ಲ.

"ಇದು ಯಾರದ್ದು?"

"ಮೇಲಿನ ಊರಿನ ಒಂದು ಹಸುವಿನದು." ಡಾಕ್ಟರಮ್ಮ ಸ್ಟೂಲು ಎಳೆದು ಎದುರು ಕುಳಿತರು. "ನಿಮ್ಮ ಊರಲ್ಲಿ ಮೊಟ್ಟೆ ಇಲ್ಲದ ದನ ಹುಡುಕೋದೇ ಕಷ್ಟ. ಪೇಟೇಲಿ ಅಲ್ಲೊಂದು ಇಲ್ಲೊಂದು. ಮೇಲಿನ ಊರು ಖಾಲಿ ಇರ್ಬೇಕು ಅಂದ್ಕೊಂಡಿದ್ದೆ. ಹೋದ ಬಿಸಿಲುಗಾಲದಲ್ಲಿ ನೋಡಿದ್ರೆ ಅಲ್ಲೂ ಬೇಕಾದಷ್ಟು! ತಲೆ ಕೆಟ್ಟುಹೋಯ್ತು. ಆಮೇಲೆ ಗೊತ್ತಾಯ್ತು, ತಪ್ಪು ನಂದೇ. ದನ ಎಲ್ಲಿ ನಿಂತಿತ್ತೋ ಆ ಊರಿನ ಚೀಟಿ ಅಂಟಿಸ್ತಿದ್ದೆ. ನಿಮ್ಮ ಗೊಣಗಿ ಸಗಣೀನೂ ಮೇಲಿನ ಊರಿನ ಲೆಕ್ಕಕ್ಕೆ ಹೋಗಿತ್ತು."

ಅವಳು ನಕ್ಕಳು. ಎಲ್ಲಿ ನಿಂತಿದೆಯೋ ಅಲ್ಲಿಯದು. ತನ್ನನ್ನು ಯಾರಾದರೂ ಡಬ್ಬಿಗೆ ಹಾಕಿದರೆ ಯಾವ ಚೀಟಿ ಅಂಟಿಸಿಯಾರು ಎಂದು ಒಂದು ಕ್ಷಣ ಅನ್ನಿಸಿತು.

"ಅದಕ್ಕೆ ಈ ಸಲ ಚಳಿಯಲ್ಲಿ, ಕೆಳಗಿನ ದನ ಒಂದೂ ಮೇಲಿಲ್ಲದಾಗ ಹೋಗಿ ತಂದೆ. ಎಲ್ಲಾ ಮನೆ ಖಾಲಿ ಬಂತು. ಒಂದು ಮನೆ ಬಿಟ್ಟು. ಹಿತ್ತಲಲ್ಲಿ, ಬಂಡೆ ಬುಡದಲ್ಲಿ ಹೊಂಡ ಇದೆ ನೋಡಿ, ಆ ಮನೆ."

"ಅದು ನನ್ನ ತವರುಮನೆ."

"ಗೊತ್ತಿತ್ತು," ಎಂದರು ಡಾಕ್ಟರಮ್ಮ ತಗ್ಗಿದ ದನಿಯಲ್ಲಿ. "ಅದಕ್ಕೇ ಕರೆಸಿದ್ದು."

ಹೇಳಲು ಹೆಚ್ಚೇನೂ ಇರಲಿಲ್ಲ. ಈ ಮೊಟ್ಟೆ ನೀರಿನಲ್ಲಿ ಒಡೆಯುತ್ತದೆ, ಅದರ ಮರಿ ಒಂದು ಜಾತಿಯ ಸಣ್ಣ ಬಸವನಹುಳುವಿನ ಒಳಗೆ ಸೇರಿ ಬೆಳೆಯುತ್ತದೆ, ಹೊರಬಂದು ದಡದ ಹುಲ್ಲಿಗೆ ಅಂಟಿ ಕೂರುತ್ತದೆ, ಆ ಹುಲ್ಲು ತಿಂದ ದನದ ಲಿವರಿಗೆ ಹೋಗುತ್ತದೆ. ಮೇಲೆ ಚಳಿಗೆ ಮೊಟ್ಟೆ ಒಡೆಯುವುದಿಲ್ಲ ನಿಜ. ಆದರೆ ಬಿಸಿಲುಗಾಲದಲ್ಲಿ ಅಲ್ಲೂ ಸಾಕಷ್ಟು ಬೆಚ್ಚಗಿರುತ್ತದೆ. ಇಷ್ಟು ದಿನ ಅಲ್ಲಿ ಇಲ್ಲದಿದ್ದದ್ದು ಎರಡೇ: ನಿಂತ ನೀರು, ಮತ್ತು ಮೊಟ್ಟೆ ತರುವ ದನ.

ಹೊಂಡ ಮಾಡಿದ್ದು ಅವಳೇ. ಮೊದಲು ಬಂಡೆಯ ಬುಡದ ಒರತೆಯ ನೀರು ಕಲ್ಲಿನ ಸಂದಿಯಲ್ಲಿ ಹರಿದು ಇಳಿಜಾರಿನಲ್ಲಿ ಕಾಣೆಯಾಗುತ್ತಿತ್ತು. ದನಗಳಿಗೆ ನೀರು ಕುಡಿಸಲು ಊರ ನಡುವಿನ ಕಲ್ಲುತೊಟ್ಟಿಗೇ ಹೋಗಬೇಕಿತ್ತು. ಅಲ್ಲಿ ನಿಂತರೆ ಕೇಳುವವರಿಗೇನು ಬರ. ಎಷ್ಟು ದಿನ ಇರ್ತೀಯ, ಗಂಡ ಒಬ್ಬನೇ ಏನು ಮಾಡ್ಕೋತಾನೆ, ಅತ್ತೆ ಏನೂ ಅನ್ನಲ್ವಾ. ಕೆಲವು ವರ್ಷಗಳ ಹಿಂದೆ ಅವಳು ಅಣ್ಣನ ಗುದ್ದಲಿ ಎತ್ತಿಕೊಂಡು ಒರತೆಗೆ ಕಲ್ಲುಮಣ್ಣಿನ ಸಣ್ಣ ಒಡ್ಡು ಕಟ್ಟಿದಳು. ಅಲ್ಲಿ ದನಗಳು ನೀರು ಕುಡಿಯುವಾಗ ಅವಳು ಕಾಲು ಇಳಿಬಿಟ್ಟು ಕೂರುತ್ತಿದ್ದಳು. ಯಾರೂ ಏನೂ ಕೇಳುತ್ತಿರಲಿಲ್ಲ. ವರ್ಷದಲ್ಲಿ ಅವಳ ಕಾಲು ಅಲುಗಾಡದೆ ಇರುತ್ತಿದ್ದದ್ದು ಅದೊಂದೇ ಜಾಗದಲ್ಲಿ. ಕಳೆದ ವರ್ಷ ಒಡ್ಡಿನ ಕೆಸರಿನಲ್ಲಿ ಉಗುರಿಗಿಂತ ಚಿಕ್ಕ ಕಂದು ಬಸವನಹುಳುಗಳು ಹರಿದಾಡುವುದನ್ನು ಕಂಡು, ನನ್ನ ಹೊಂಡಕ್ಕೂ ಸಂಸಾರ ಬಂತು ಎಂದು ಹಿಗ್ಗಿದ್ದಳು.

ಹುಳಕ್ಕೆ ಏದುಸಿರು ಬರಲಿಲ್ಲ ಅಣ್ಣ, ಎಂದುಕೊಂಡಳು. ನಾನೇ ಹೊಡೆದುಕೊಂಡು ಬಂದೆ.

"ಚುಕ್ಕಿಗೆ ಔಷಧಿ ಕಟ್ಟಿಕೊಡ್ತೀನಿ," ಎಂದರು ಡಾಕ್ಟರಮ್ಮ. "ನಿಮ್ಮ ದನಕ್ಕೂ ಈಗ ಒಂದು ಸಲ ಕುಡಿಸಿ. ಆದ್ರೆ ನನ್ನ ಹತ್ರ ಇರೋ ಈ ಔಷಧಿ ಬೆಳೆದ ಹುಳಾನ ಮಾತ್ರ ಕೊಲ್ಲುತ್ತೆ. ಲಿವರ್ ಕೊರೀತಿರೋ ಮರಿಗಳು ಬದುಕಿಬಿಡ್ತವೆ, ದೊಡ್ಡವಾಗಿ ಮತ್ತೆ ಮೊಟ್ಟೆ ಇಡ್ತವೆ. ಅವು ಬೆಳೆದ ಮೇಲೆ ಎರಡನೇ ಸಲ ಕುಡಿಸ್ಬೇಕು. ಆಮೇಲೆ ಸಗಣಿ ನೋಡಿ ನಾನು ಹೇಳೋ ತನಕ ಮೇಲೆ ಹೋಗೋ ಹಾಗಿಲ್ಲ."

"ಅಷ್ಟರಲ್ಲಿ ಬಿಸಿಲುಗಾಲವೇ ಮುಗಿಯುತ್ತಲ್ಲ."

"ಮುಗಿಯುತ್ತೆ. ಈ ವರ್ಷ ಬಿಟ್ಟುಬಿಡಿ. ಒಡ್ಡು ಒಡೆದು ಹೊಂಡ ಮುಚ್ಚಿಸಿ. ಮನೇಲಿ ನೀವೇ ಹೇಳ್ತೀರೋ, ನಾನು ಬಂದು ಹೇಳಲೋ?"

"ನಾನೇ ಹೇಳ್ತೀನಿ."

ಹೇಳಲಿಲ್ಲ. ಚುಕ್ಕಿಯ ಔಷಧಿಯನ್ನು ಮೇಲಕ್ಕೆ ಹೋಗುವ ಹಾಲಿನ ಗಾಡಿಯವನ ಕೈಗೆ ಕೊಟ್ಟು, "ಜಂತುಹುಳಕ್ಕೆ ಅಂತ ಹೇಳಿ, ಅಷ್ಟೇ," ಎಂದಳು. ಮನೆಗೆ ಬಂದು ಉದ್ದ ಕತ್ತಿನ ಬಾಟಲಿಯಲ್ಲಿ ಔಷಧಿ ಕಲಸಿದಳು. ಗಂಡ ಒಂದೊಂದೇ ಹಸುವಿನ ಮೂಗು ಹಿಡಿದು ತಲೆ ಎತ್ತಿದ. ಅವಳು ಬಾಯಿಯ ಮೂಲೆಯಲ್ಲಿ ಬಾಟಲಿ ತೂರಿಸಿ, ಶ್ವಾಸಕ್ಕೆ ಹೋಗದಂತೆ ಗುಟುಕು ಗುಟುಕಾಗಿ ಇಳಿಸಿದಳು. ಗೊಣಗಿ ಕುಡಿದ ಮೇಲೂ ಗೊಣಗಿತು.

"ಆಯ್ತಲ್ಲ," ಎಂದ ಗಂಡ ತೋಳಿಗೆ ಮುಖ ಒರೆಸುತ್ತಾ. "ಹೊಟ್ಟೆ ತೊಳೆದಾಯ್ತು. ಇನ್ನು ನಿನ್ನ ಸವಾರಿ ಹೊರಡಬಹುದು. ಒಣಹುಲ್ಲೂ ಬಣವೆ ಬುಡಕ್ಕೆ ಬಂತು, ಆದಷ್ಟು ಬೇಗ ಹೋದ್ರೆ ಒಳ್ಳೇದೇ."

"ಹೂಂ," ಎಂದಳು.

ಆ ಒಂದು ಹೂಂ ಅವಳ ಬೆನ್ನು ಬಿಡಲಿಲ್ಲ. ನೀರು ಸೇದುವಾಗ, ಹುಲ್ಲು ಕೊಯ್ಯುವಾಗ, ಉಣ್ಣುವಾಗ ಬೆನ್ನ ಹಿಂದೆ ಯಾರೋ ನಿಂತ ಹಾಗಿತ್ತು. ಒಂದು ಸಲ ಕುಡಿಸಿದ್ದಾಗಿದೆಯಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ದೊಡ್ಡ ಹುಳುಗಳು ಸತ್ತರೆ ಸದ್ಯಕ್ಕೆ ಮೊಟ್ಟೆ ಇಲ್ಲ. ಮರಿಗಳು ಬೆಳೆಯುವಷ್ಟರಲ್ಲಿ ಅಲ್ಲೇ ಎರಡನೇ ಸಲ ಕುಡಿಸಿದರಾಯಿತು. ಹೊಂಡದ ಹತ್ತಿರ ಬಿಡದಿದ್ದರಾಯಿತು. ಬೇಲಿ ಹಾಕಿದರಾಯಿತು. ಹಾಗೆ ಅಂದುಕೊಂಡಾಗಲೆಲ್ಲ ಒಂದೊಂದು ಕೆಲಸ ಮಾಡಿ ಮುಗಿಸುತ್ತಿದ್ದಳು. ಕಪಾಟು ಖಾಲಿ ಮಾಡಿ ತುಂಬಿದಳು, ಕೊಟ್ಟಿಗೆಯ ಜೇಡರ ಬಲೆ ತೆಗೆದಳು. "ಇವಳಿಗೇನು ಇರುವೆ ಮುತ್ತಿದೆಯೇನೋ," ಎಂದು ಅತ್ತೆ ಮಗನ ಹತ್ತಿರ ಹೇಳಿದ್ದು ಅವಳಿಗೂ ಕೇಳಿಸಿತು.

ಬಿಟ್ಟುಬಿಡಿ ಎಂದು ಡಾಕ್ಟರಮ್ಮ ಎಷ್ಟು ಸಲೀಸಾಗಿ ಅಂದರು. ದನಗಳಿಗೆ ಅದು ಒಂದು ಬಿಸಿಲುಗಾಲ, ಅಷ್ಟೇ. ದನ ಹೋಗದಿದ್ದರೆ ಅವಳು ಏನೆಂದು ಹೋಗುತ್ತಾಳೆ? ಯಾರಿಗೆ ಹುಷಾರಿಲ್ಲ?

ಹೊರಡುವ ದಿನ ಹತ್ತಿರವಾಗಿತ್ತು. ಅವತ್ತೂ ಅವಳು ಹಾಲು ಕರೆಯುತ್ತಿದ್ದಾಗಲೇ ಫೋನು ಬಂತು.

"ಚುಕ್ಕಿ ಸತ್ತ ಕರು ಹಾಕಿದಳು," ಎಂದರು ಅತ್ತಿಗೆ.

ಇಬ್ಬರ ಬಕೆಟ್ಟೂ ಸುಮ್ಮನಾಗಿದ್ದವು. ಚುಕ್ಕಿ ತಾಯಿಯಿಲ್ಲದೆ ಬೆಳೆದ ಪಡ್ಡೆ. ಅತ್ತಿಗೆ ಬಾಟಲಿ ಹಾಲು ಕುಡಿಸಿ, ಚಳಿಗೆ ಅಡಿಗೆಮನೆಯ ಒಲೆಯ ಪಕ್ಕ ಮಲಗಿಸಿ ಬೆಳೆಸಿದ್ದು. ಅವರಿಗೆ ಮಕ್ಕಳಿರಲಿಲ್ಲ, ಆ ಮಾತು ಬಂದಾಗಲೆಲ್ಲ ಅವರು ಚುಕ್ಕಿಯನ್ನು ತೋರಿಸಿ, "ನಂಗೆ ಮಗಳಿದಾಳಲ್ಲ, ನಾಲ್ಕು ಕಾಲಿನೋಳು," ಎನ್ನುತ್ತಿದ್ದರು.

"ಹೆಣ್ಣುಕರು ಕಣೇ. ಇಷ್ಟೇ ಇಷ್ಟಿತ್ತು. ಚುಕ್ಕಿ ಅದನ್ನ ನೆಕ್ಕೋಕೂ ಎದ್ದೇಳಲಿಲ್ಲ. ನಾನೇ ಒರೆಸ್ದೆ." ಅತ್ತಿಗೆ ಮೂಗು ಎಳೆದುಕೊಂಡರು. "ಹೋಗ್ಲಿ ಬಿಡು. ಮೈಯಲ್ಲಿ ಶಕ್ತಿ ಇಲ್ಲ ಅವಳಿಗೆ. ಒಳ್ಳೇ ಮೇವು ಹಾಕಿ ಎಬ್ಬಿಸ್ತೀನಿ. ನಿನ್ನ ಹೊಂಡದ ದಡದಲ್ಲಿ ಹುಲ್ಲು ಮೊಣಕಾಲುದ್ದ ಬೆಳೆದಿದೆ, ಊರಲ್ಲೆಲ್ಲೂ ಅಂಥ ಹಸಿರಿಲ್ಲ. ನಿನ್ನ ದನಕ್ಕೇ ಅಂತ ಬಿಟ್ಟಿದ್ದೆ. ಈಗ ದಿನಾ ಒಂದು ಹೊರೆ ಕೊಯ್ದು ಚುಕ್ಕಿಗೆ ಹಾಕ್ತಿದೀನಿ. ಬಾಣಂತಿ ಅಲ್ವಾ."

"ಬೇಡ ಅತ್ತಿಗೆ!"

ಅವಳ ಕೂಗಿಗೆ ಹಸು ಬೆದರಿ ಬಕೆಟ್ಟು ಒದೆಯಿತು. ಹಾಲು ಸಗಣಿಯ ಮೇಲೆ ಬಿಳಿಯಾಗಿ ಹರಿದು ಚರಂಡಿ ಸೇರಿತು. ಅವಳು ಅದನ್ನು ನೋಡುತ್ತಲೇ ಇದ್ದಳು.

"ಆ ಹುಲ್ಲು ಹಾಕ್ಬೇಡಿ. ಮುಟ್ಟೋಕೂ ಹೋಗ್ಬೇಡಿ. ಅದು ಮುಳ್ಳಲ್ಲ ಅತ್ತಿಗೆ, ಲಿವರ್ ಹುಳ. ನನ್ನ ದನದ ಹೊಟ್ಟೇಲಿ ಬಂದದ್ದು. ನನ್ನ ಹೊಂಡದಲ್ಲಿ ಬೆಳೆದದ್ದು. ಡಾಕ್ಟರಮ್ಮ ತೋರ್ಸಿದ್ರು, ನಾನೇ ಕಣ್ಣಾರೆ ನೋಡ್ದೆ." ಒಂದೇ ಉಸಿರಿಗೆ ಹೇಳಿದಳು. ಬಸವನಹುಳು, ಮೊಟ್ಟೆ, ಎರಡನೇ ಸಲದ ಔಷಧಿ, ಎಲ್ಲವನ್ನೂ. ಮೊದಲೇ ಗೊತ್ತಿದ್ದೂ ಮುಳ್ಳು ಎಂದದ್ದನ್ನೂ.

ಆ ಕಡೆ ಎಲ್ಲೋ ಒಂದು ಬಾಗಿಲು ಗಾಳಿಗೆ ಬಡಿದುಕೊಳ್ಳುವ ಸದ್ದು. ಆ ಬಾಗಿಲು ಯಾವುದೆಂದು ಅವಳಿಗೆ ಗೊತ್ತಿತ್ತು.

"ಯಾಕೆ ಹೇಳ್ಲಿಲ್ಲ ಅಂತ ಆಮೇಲೆ ಕೇಳ್ತೀನಿ," ಎಂದರು ಅತ್ತಿಗೆ ಕೊನೆಗೆ. ದನಿ ಗಡುಸಾಗಿತ್ತು. "ಚೆನ್ನಾಗಿ ಬೈದೇ ಕೇಳ್ತೀನಿ. ಈಗ ಹೇಳು, ಈ ಸಲ ಬರ್ತೀಯೋ ಇಲ್ವೋ?"

"ದನ ಬರಲ್ಲ ಅತ್ತಿಗೆ."

"ನಾನು ದನಾನ ಕೇಳ್ಲಿಲ್ಲ."

ಫೋನು ಕಿವಿಯಿಂದ ಜಾರಿ ಹುಲ್ಲಿಗೆ ಬಿತ್ತು. ಎತ್ತಿಕೊಳ್ಳುವಷ್ಟರಲ್ಲಿ ಅತ್ತಿಗೆ ಇಟ್ಟಾಗಿತ್ತು.

ಆ ಸಂಜೆ ಊಟಕ್ಕೆ ಕುಳಿತಾಗ ಅವಳು ಹೇಳಿದಳು. ದನಗಳು ಈ ವರ್ಷ ಬೆಟ್ಟ ಹತ್ತುವ ಹಾಗಿಲ್ಲ, ಡಾಕ್ಟರಮ್ಮ ಹೇಳಿದ್ದಾರೆ, ಹೀಗೆ ಹೀಗೆ. ಗಂಡ ತುತ್ತು ಹಿಡಿದುಕೊಂಡೇ ಕೇಳಿದ. ಬಣವೆಯ ಲೆಕ್ಕ ಅವನ ಹಣೆಯ ಮೇಲೆ ಓಡುತ್ತಿತ್ತು.

"ಭಾವನ ಜಂಬ ಇಳೀತು ಅನ್ನು," ಎಂದ. ಆಮೇಲೆ ತಾನಂದದ್ದು ತನಗೇ ಸರಿಕಾಣದೆ, "ಪಾಪ, ಚುಕ್ಕಿ ಹೇಗಿದೆ?" ಎಂದು ಕೇಳಿದ.

"ಎದ್ದಿಲ್ಲ."

"ಕಾಲುವೆ ಅಂಚಿನ ಹುಲ್ಲು ಒಣಗಿಸಿ ಹಾಕೋಣ, ಏನಾದ್ರೂ ಮಾಡೋಣ. ಒಂದು ವರ್ಷ ಹೋಗದಿದ್ರೆ ಬೆಟ್ಟ ಏನು ಓಡಿಹೋಗುತ್ತಾ?"

ಅತ್ತೆ ಇಷ್ಟು ಹೊತ್ತು ಸೊಸೆಯ ಮುಖವನ್ನೇ ನೋಡುತ್ತಿದ್ದರು. "ಹಾಗಾದ್ರೆ ಈ ಸಲ ಚಕ್ರಕ್ಕೂ ಬಿಡುವು," ಎಂದರು. ನಿಷ್ಠುರದ ಮಾತಲ್ಲ. ಬಿಸಿಲುಗಾಲದಲ್ಲಿ ಸೊಸೆ ಮನೆಯಲ್ಲಿದ್ದರೆ ಅವರಿಗೆ ನಿಜವಾಗಿಯೂ ಖುಷಿ, ಮಾತಿಗೊಬ್ಬರು ಸಿಕ್ಕ ಹಾಗಾಗುತ್ತಿತ್ತು. ಅದು ಗೊತ್ತಿದ್ದದ್ದರಿಂದಲೇ ಅವಳಿಗೆ ಇನ್ನಷ್ಟು ಕಷ್ಟವಾಯಿತು. ಅವಳು ಮಜ್ಜಿಗೆ ತರುವ ನೆಪದಲ್ಲಿ ಎದ್ದಳು. ಅಡಿಗೆಮನೆಯಲ್ಲಿ ಮಜ್ಜಿಗೆಯ ಪಾತ್ರೆಯ ಮುಂದೆ ನಿಂತಾಗ, ಎದ್ದು ಹೋಗಲಿಕ್ಕೂ ನೆಪ, ಎಂದು ನಗು ಬಂತು. ಇಷ್ಟು ವರ್ಷಗಳಲ್ಲಿ ಈ ಮನೆಯಲ್ಲಿ ಕೈಯಲ್ಲಿ ಏನೂ ಇಲ್ಲದೆ ತಾನು ಒಂದು ಹೊಸ್ತಿಲನ್ನಾದರೂ ದಾಟಿದ್ದೇನೆಯೇ?

ಮರುದಿನ ಹಾಲು ಕರೆದಾದ ಮೇಲೆ ಗಂಡ ಗೋದಲಿ ಗುಡಿಸಲು ಬಂದ. ಅವಳು ಗೋಡೆಯ ಗೂಡಿನಲ್ಲಿದ್ದ ಡಬ್ಬಿ ತೆಗೆದು, ಒಂದು ಹಿಡಿ ಕಲ್ಲುಪ್ಪನ್ನು ಅವನ ಅಂಗೈಗೆ ಸುರಿದಳು.

"ಗೊಣಗಿಗೆ ಕೊಡಿ."

"ನಾನಾ? ಭೇದಿಯಾಗುತ್ತೆ ಅಂತಿದ್ದೆ?"

"ಆಗಲ್ಲ ಬಿಡಿ. ಕೈ ಚಪ್ಪಟೆ ಹಿಡೀರಿ. ಬೆರಳು ಮಡಚಬೇಡಿ, ಹೆದರಬೇಡಿ."

"ಇದಕ್ಕೆ ನಾನು ಹೆದರ್ತೀನಾ?" ಎನ್ನುತ್ತಲೇ ಅವನು ಒಂದು ಹೆಜ್ಜೆ ಹಿಂದೆ ಸರಿದ. ಗೊಣಗಿ ಮೂಗು ಅರಳಿಸಿತು. ಅವಳನ್ನು ನೋಡಿತು. ಅವನನ್ನು ನೋಡಿತು. ಗುರ್ ಎಂದಿತು. ಆಮೇಲೆ ಉದ್ದ ಒರಟು ನಾಲಿಗೆ ಚಾಚಿ ಅವನ ಅಂಗೈಯನ್ನು ಮಣಿಕಟ್ಟಿನವರೆಗೆ ನೆಕ್ಕಿತು.

"ಅಯ್ಯೋ, ಕಚಗುಳಿ!"

"ಈಗ ಕಣ್ಣಿ ಬಿಚ್ಚಿ, ಸುಮ್ನೆ ನಡೀರಿ. ಹಿಂದೆ ತಿರುಗಿ ನೋಡ್ಬೇಡಿ."

ಅವನು ಅಂಗಳಕ್ಕೆ ನಡೆದ. ಗೊಣಗಿ ಅವನ ಹಿಂದೆ ನಡೆಯಿತು. ಅಂಗಳ ದಾಟಿ, ಬಾವಿ ಸುತ್ತಿ, ಗೊಬ್ಬರದ ಗುಂಡಿಯ ಪಕ್ಕದಿಂದ ಬರುವ ತನಕವೂ ಅವನ ಕೈಯಿಂದ ಮೂಗು ತೆಗೆಯಲಿಲ್ಲ. ಅವನ ಮುಖ ಬಹುಮಾನ ಗೆದ್ದು ಬಂದವನ ಹಾಗಿತ್ತು. "ಅಮ್ಮಾ, ಬಾ ನೋಡು! ಇವಳು ನನ್ನ ಹಿಂದೆ ಬರ್ತಿದಾಳೆ!" ಎಂದು ಕೂಗಿದ. ಅತ್ತೆ ಬಾಗಿಲಿಗೆ ಬಂದು, "ಅಂತೂ ಮನೇಲಿ ಒಬ್ಬರಾದ್ರೂ ನಿನ್ನ ಮಾತು ಕೇಳೋ ಹಾಗಾಯ್ತು," ಎಂದರು.

"ಇಷ್ಟು ವರ್ಷ ಇದಕ್ಕೆ ಏನಾಗಿತ್ತು?" ಎಂದು ಅವನು ಅವಳನ್ನು ಕೇಳಿದ.

"ಏನೋಪ್ಪ," ಎಂದಳು ಅವಳು.

ಉಪ್ಪಿನ ಡಬ್ಬಿಯನ್ನು ಗೂಡಿನಲ್ಲಿಡದೆ, ಎಲ್ಲರಿಗೂ ಕೈಗೆ ಸಿಗುವ ಹಾಗೆ ಗೋದಲಿಯ ಅಂಚಿನಲ್ಲಿಟ್ಟಳು. ಇಳಿಸಿದ್ದ ಗಂಟೆಗಳನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೇರಿಸಿದಳು. ಇಳಿಯುವಾಗ ಮೂಲೆಯಲ್ಲಿ ಒರಗಿದ್ದ ಗುದ್ದಲಿಯ ಮೇಲೆ ಕಣ್ಣು ಬಿತ್ತು. ಹೊತ್ತುಕೊಂಡು ಹೋಗಬೇಕಾಗಿಲ್ಲ, ಅಣ್ಣನ ಮನೆಯಲ್ಲಿ ಒಂದಿದೆ. ಆ ಒಡ್ಡು ಕಟ್ಟಿದ ಗುದ್ದಲಿಯೇ ಅದು. ಒಡೆಯುವುದಕ್ಕೂ ಅದೇ ಆದೀತು. ನೀರು ಮೊದಲಿನಂತೆ ಕಲ್ಲಿನ ಸಂದಿಯಲ್ಲಿ ಇಳಿದುಹೋಗಲಿ. ಕೂರಲು ಬಂಡೆಯಂತೂ ಇದ್ದೇ ಇರುತ್ತದೆ. ತೊಟ್ಟಿಯ ಹತ್ತಿರ ಹೆಂಗಸರು ಕೇಳಿದರೆ ಕೇಳಲಿ. ಅತ್ತಿಗೆ ಬೈದರೆ ಬೈಯಲಿ, ಎದುರು ನಿಂತು ಬೈಸಿಕೊಳ್ಳಬೇಕು.

ಪ್ರತಿವರ್ಷ ಹೊರಡುತ್ತಿದ್ದ ದಿನವೇ ಹೊರಡುವುದು. ಹಾಲಿನ ಗಾಡಿಯಲ್ಲಲ್ಲ, ನಡೆದೇ. ಹಿಂದೆ ಮುಂದೆ ದನವಿಲ್ಲದೆ, ಹಗ್ಗವಿಲ್ಲದೆ, ಬರೀ ಕೈಯಲ್ಲಿ. ಯಾಕೆ ಎಂದು ಅತ್ತೆ ಕೇಳುತ್ತಾರೆ. ಕೇಳಿದಾಗ ಹೋಗಬೇಕು ಅನ್ನಿಸಿದೆ ಎನ್ನುವುದು, ಅಷ್ಟೇ. ಅದರ ಮುಂದೆ ಒಂದು ಮಾತನ್ನೂ ಸೇರಿಸಬಾರದು.

"ಏ ಚಕ್ರ," ಎಂದು ಅತ್ತೆ ಒಳಗಿನಿಂದ ಕರೆದರು, "ಅಲ್ಲಿ ನಿಂತ್ಕೊಂಡು ಏನು ಯೋಚನೆ ಮಾಡ್ತಿದೀಯ?"

"ಏನಿಲ್ಲ, ಬಂದೆ ಅತ್ತೆ," ಎಂದಳು. ಬಕೆಟ್ಟು ಎತ್ತಿಕೊಂಡು, ಹಾಲು ತುಳುಕದಂತೆ ನಿಧಾನವಾಗಿ ಒಳಗೆ ನಡೆದಳು.